ಮರಳಿನ ಮೇಲೆ ಮಿರಗದ ಮಳೆ

ಕೇಳುವ ಯಂತ್ರವನ್ನು ತಿರುವಿ ಹಾಕಿದರೆ ಹೇಳುವ ಯಂತ್ರವಾಗುತ್ತದೆ. ಮಲ್ಹಾರಿ ಜಂಬಗಿಯ ಸಂಶೋಧನೆ ಎಂದರೆ ಇಷ್ಟೇ. ಉಳಿದದ್ದೆಲ್ಲ ತಂತಿ, ತಗಡು ಮತ್ತು ಅವನ ಬಾಯಿ.

ಬಾಯಿಯ ವಿಷಯ ಮೊದಲು ಹೇಳಿಬಿಡಬೇಕು. ಬಿಸಿಲಕೊಪ್ಪದಲ್ಲಿ ಅವನು ತೆಗೆಯದ ದನಿ ಇರಲಿಲ್ಲ. ಮುಖ್ಯ ಎಂಜಿನಿಯರ್ ಕೋಳಿವಾಡ ಸಾಹೇಬರ ಕೆಮ್ಮು, ಸಾಮಾನಿನ ಲಾರಿ ಏರಿನಲ್ಲಿ ಗೇರು ಬದಲಿಸುವಾಗ ಬಿಡುವ ನಿಟ್ಟುಸಿರು, ಹೆಂಡತಿ ಇಂದುಮತಿ ತವರಿನವರ ಜೊತೆ ಫೋನಿನಲ್ಲಾಡುವ ಬೆಲ್ಲದ ದನಿ, ಅದೇ ಇಂದುಮತಿ ಫೋನಿಟ್ಟ ಮೇಲೆ ಅವನ ಜೊತೆ ಆಡುವ ಬೇವಿನ ದನಿ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು. “ಮನಿ ಮಾಲಕಗ ಮಾತ್ರ ಒಳಗ ಜಾಗಾ ಇಲ್ಲ” ಎಂದು ಇಂದುಮತಿ ಅನ್ನುತ್ತಿದ್ದಳು.

ಬಿಸಿಲಕೊಪ್ಪ ಇದ್ದದ್ದು ಆಸ್ಟ್ರೇಲಿಯಾದ ನಡುಹೊಟ್ಟೆಯ ಕೆಂಪು ಮರಳುಗಾಡಿನಲ್ಲಿ. ಬಿಸಿಲನ್ನು ಹಿಡಿದು ವಿದ್ಯುತ್ತಾಗಿಸಿ ಸಮುದ್ರದಾಚೆ ಕಳಿಸುವ ಕನ್ನಡಿಗಳ ಹೊಲ ಅದು, ನೋಡಿಕೊಳ್ಳಲು ಕನ್ನಡಿಗರು. ಬಿಸಿಲು ಕಂಡವರೇ ಬೇಕೆಂದು ರಾಯಚೂರು, ಕಲಬುರಗಿ, ವಿಜಯಪುರ, ಬಾಗಲಕೋಟೆಯವರನ್ನೇ ಹುಡುಕಿ ಕರೆಸಿದ್ದರು. ಅವರ ಮನೆಗಳು ಮರಳದಿಬ್ಬದ ಒಳಗಿದ್ದವು. ಮುಂದೊಂದು ಬಾಗಿಲು, ತಲೆಯ ಮೇಲೆ ತಗಡಿನ ಛಾವಣಿ, ಛಾವಣಿಯ ಮೇಲೆ ಮೊಣಕಾಲು ಮುಳುಗುವಷ್ಟು ಮರಳು. ಹೊರಗೆ ನಿಂತು ನೋಡಿದರೆ ಊರೇ ಇಲ್ಲ, ಬರೀ ಬಾಗಿಲುಗಳು.

ಆ ನೆಲದ ಮೂಲಜನ ಜಾಗ ಕೊಡುವಾಗ ಒಂದೇ ಷರತ್ತು ಹಾಕಿದ್ದರು: ಮರಳಿನ ಕೆಳಗೆ ಮೊದಲಿನಿಂದ ಇರುವವರಿಗೆ ನಿಮ್ಮಿಂದ ತೊಂದರೆಯಾಗಬಾರದು. ಕೆಳಗಿರುವವನ ಹೆಸರು ಅವರ ಮಾತಿನಲ್ಲಿ ಇಟ್ಜಾರಿಟ್ಜಾರಿ. ಬಿಸಿಲಕೊಪ್ಪದವರು ಹೊನ್ನಿ ಎಂದು ಕರೆದರು, ಮೈಮೇಲೆ ಬಂಗಾರದ ಬಣ್ಣದ ರೇಷ್ಮೆಯಂಥ ಕೂದಲಿದ್ದದ್ದಕ್ಕೆ. ಅಂಗೈಯಲ್ಲಿ ಹಿಡಿಸುವ ಪ್ರಾಣಿ. ನೋಡಿದರೆ ಇಲಿ ಅನ್ನಬೇಕು, ಆದರೆ ಕಾಂಗರೂವಿನ ದಾಯಾದಿ. ಹೊಟ್ಟೆಯಲ್ಲಿ ಮರಿ ಹೊರುವ ಚೀಲವಿದೆ. ಚೀಲದ ಬಾಯಿ ಹಿಂದಕ್ಕೆ. ಮುಂದಕ್ಕಿದ್ದಿದ್ದರೆ ಪಾಪ, ಮರಿಯ ಬದಲು ಮರಳನ್ನೇ ಸಾಕಬೇಕಾಗುತ್ತಿತ್ತು. ಕಣ್ಣು ಚರ್ಮದಡಿ ಮುಚ್ಚಿಹೋಗಿದೆ, ಹೊರಕಿವಿ ಇಲ್ಲ, ಮೂಗಿನ ಮೇಲೆ ಕೊಂಬಿನಂಥ ಗುರಾಣಿ, ಮುಂಗಾಲಲ್ಲಿ ಸಲಿಕೆಯಂಥ ಎರಡು ಉಗುರು. ಬಿಲ ತೋಡುತ್ತದೆ, ಆದರೆ ಬಿಲ ಉಳಿಯುವುದಿಲ್ಲ. ಮುಂದೆ ಅಗೆದ ಮರಳು ಹಿಂದೆ ಬಿದ್ದು ಮುಚ್ಚಿಕೊಳ್ಳುತ್ತದೆ. ನೀರಲ್ಲಿ ಮೀನು ಹೋದಂತೆ ಹೊನ್ನಿ ಮರಳಲ್ಲಿ ಈಜುತ್ತ, ಗೆದ್ದಲು ಇರುವೆಗಳ ಮೊಟ್ಟೆ, ಹುಳಗಳ ಮರಿ ತಿನ್ನುತ್ತ ಆಯುಷ್ಯ ಕಳೆಯುತ್ತದೆ. ಮೇಲೆ ಬರುವುದು ಅಪರೂಪ. ಬಂದರೆ ಮಳೆ ಬಿದ್ದಾಗ.

ಈ ಹೊನ್ನಿಗಳ ಯೋಗಕ್ಷೇಮ ಕೇಳುವುದು ಮಲ್ಹಾರಿಯ ನೌಕರಿ. ದಿಬ್ಬಗಳ ಉದ್ದಕ್ಕೂ ಮರಳಲ್ಲಿ ಗಾಜಿನ ನೂಲು ಹೂತಿದ್ದರು. ನೂಲಿನೊಳಗೆ ಬೆಳಕು ಹರಿಯುತ್ತದೆ. ಮರಳು ಎಲ್ಲಾದರೂ ನಡುಗಿದರೆ ಅಲ್ಲಿ ಬೆಳಕು ತುಸು ತಡವರಿಸುತ್ತದೆ. ಆ ತಡವರಿಕೆಯನ್ನು ಕಂಪ್ಯೂಟರು ಗೆರೆಯಾಗಿ ಬರೆಯುತ್ತದೆ. ಒಂದೊಂದು ಹೊನ್ನಿಗೆ ಒಂದೊಂದು ಗೆರೆ.

ಇಂದುಮತಿ ಬಂದ ಹೊಸದರಲ್ಲಿ ನಿದ್ದೆ ಮಾಡುತ್ತಿರಲಿಲ್ಲ. “ಇಲ್ಲಿ ಎಲ್ಲಾ ಅದ ರೀ. ಛಾವಣಿ ಮ್ಯಾಲೆ ಸಪ್ಪಳ ಒಂದಿಲ್ಲ. ಗೋರಿಯೊಳಗ ಮಲಗಿದ್ಧಂಗ ಆಗ್ತದ” ಎಂದಳು. ಮಲ್ಹಾರಿ ನಡುಕ ಕೇಳುವ ಯಂತ್ರವೊಂದನ್ನು ತಿರುವಿ ಹಾಕಿ ನಡುಗುವ ಡಬ್ಬಿ ಮಾಡಿ ಛಾವಣಿಯ ತಗಡಿಗೆ ತಿರುಪು ಹಾಕಿ ಬಿಗಿದ. ಹನಿ ಬೀಳುವ ಲಯವನ್ನು ಬಾಯಲ್ಲೇ ನುಡಿಸಿ ಅದಕ್ಕೆ ಕಲಿಸಿದ: ಮೊದಲು ಅಲ್ಲೊಂದು ಇಲ್ಲೊಂದು ದಪ್ಪ ಹನಿ, ಆಮೇಲೆ ಚಟಪಟ, ಆಮೇಲೆ ಜೋರು ಗಾಳಿ ತಿರುಗಿದ ಹಾಗೆ ಓರೆ ಹೊಡೆತ. ತಗಡು ನಡುಗಿತು, ಮೇಲಿನ ಮರಳು ನಡುಗಿತು, ಮನೆ ತುಂಬ ಮಳೆಯಾಯಿತು. ಇಂದುಮತಿ ಅತ್ತಳು, ನಕ್ಕಳು, ಗೊರಕೆ ಹೊಡೆದಳು.

ಮರುವಾರದೊಳಗೆ ಊರೆಲ್ಲ ಸಾಲು ನಿಂತಿತು. ರಾಯಚೂರಿನ ವೆಲ್ಡರ್ ಅಮರಗುಂಡ ಕೇಳಿದ: “ಸರ್, ನನಗ ನಮ್ಮೂರ ಮಳಿನ ಬೇಕು ನೋಡ್ರಿ.”

“ನಿಮ್ಮೂರ ಮಳಿ ಹಾಕಿದ್ರ ಡಬ್ಬಿ ವರ್ಷಪೂರ್ತಿ ಸುಮ್ನ ಕುಂಡ್ರತದೋ!”

ಕೊನೆಗೆ, ಹೋದ ವರ್ಷ, ಪಂಚಾಂಗದ ಪ್ರಕಾರ ಎಂದಾಯಿತು. ಊಟದ ಮನೆಯ ಗೋಡೆಗೆ ಊರಿನ ಪಂಚಾಂಗ ತೂಗುತ್ತಿತ್ತು. ಜೂನಿನಲ್ಲಿ ಮೃಗಶಿರಾ ನಕ್ಷತ್ರ, ಊರ ಮಾತಿನ ಮಿರಗ, ಕೂಡಿದ ದಿನ ದೀಪ ಹಚ್ಚುವ ಹೊತ್ತಿಗೆ ಎಲ್ಲ ಮನೆಗಳಲ್ಲೂ ಒಟ್ಟಿಗೆ ಮಿರಗದ ಮಳೆ, ಬಾಣಲೆಯಲ್ಲಿ ಮೆಣಸಿನಕಾಯಿ ಭಜ್ಜಿ. ಆಮೇಲೆ ಆರಿದ್ರ, ಪುನರ್ವಸು, ಹೀಗೆ ಸ್ವಾತಿಯವರೆಗೆ ಒಂದೊಂದಕ್ಕೂ ಬೇರೆ ಬೇರೆ ಲಯ. ಬಿತ್ತುವುದಕ್ಕೆ ಹೊಲವಿಲ್ಲದಿದ್ದರೂ ಮಳೆ ತಪ್ಪಲಿಲ್ಲ. ಭೂಮಿಯ ಈ ಅರ್ಧದಲ್ಲಿ ಮಿರಗ ಬರುವುದು ಕೊರೆಯುವ ಚಳಿಗಾಲದಲ್ಲಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಭಜ್ಜಿಗೆ ಅದು ಇನ್ನೂ ಒಳ್ಳೆಯದು ಎಂದುಕೊಂಡಿದ್ದರು.

ಈ ವರ್ಷದ ಮಿರಗ ಕೂಡಿದ ಮೂರು ದಿನಕ್ಕೆ, ಬೆಳಗಿನ ಚಹಾದ ಹೊತ್ತಿಗೆ, ಅಮರಗುಂಡ ಮಲ್ಹಾರಿಯ ಬಾಗಿಲಿಗೆ ಬಂದ. ಟೊಪ್ಪಿಗೆ ಮಗುಚಿ ಹಿಡಿದಿದ್ದ. ಒಳಗೊಂದು ಹೊನ್ನಿ ಮುದುಡಿ ಬಿದ್ದಿತ್ತು.

“ಛಾವಣಿ ಮ್ಯಾಲೆ ಬಿದ್ದಿತ್ರಿ ಸರ್. ಹೋದ ವರ್ಷಿನಂಗ.”

ಮಲ್ಹಾರಿ ಚಹಾದ ಲೋಟ ಕೆಳಗಿಟ್ಟ. ಹೋದ ವರ್ಷ ಹೀಗೆಯೇ ಮನೆಗಳ ಮೇಲೆ ಸತ್ತ ಹೊನ್ನಿಗಳು ಸಿಕ್ಕಿದ್ದವು. ಆಗ ಊರಲ್ಲಿ ಒಂದು ಬೆಕ್ಕಿತ್ತು.

“ನರಿ ಇರಬೇಕು” ಎಂದ.

“ನರಿಗೆ ಹಲ್ಲಿಲ್ಲೇನ್ರಿ? ಒಂದು ಗೀರಿಲ್ಲ ಮೈಮ್ಯಾಲೆ.”

ಹೋದ ವರ್ಷದವುಗಳ ಮೈಮೇಲೂ ಗೀರಿರಲಿಲ್ಲ. ಒಂದರ ಮೇಲೆ ಮಾತ್ರ ಇತ್ತು, ಅದು ಕಾಗೆ ಕುಕ್ಕಿದ್ದೂ ಇರಬಹುದಾಗಿತ್ತು. ಮಲ್ಹಾರಿ ಆ ಒಂದನ್ನೇ ಹಿಡಿದಿದ್ದ.

ಬೆಕ್ಕು ನೀಲಕ್ಕನದು. ನೀಲಕ್ಕ ನರಗುಂದದ ಕಡೆಯವಳು, ಊಟದ ಮನೆಯ ಯಜಮಾನಿ. ಗಂಡ ಇಲ್ಲಿಗೆ ಬಂದ ಮೊದಲ ಬೇಸಿಗೆಯಲ್ಲೇ ತೀರಿಕೊಂಡಿದ್ದ. ಸಾಮಾನಿನ ಲಾರಿಯ ಬೇಳೆ ಚೀಲಗಳ ನಡುವೆ ಸಿಕ್ಕ ಮರಿಗೆ ಪುಟಾಣಿ ಎಂದು ಹೆಸರಿಟ್ಟು ಸಾಕಿದ್ದಳು. ಬೆಕ್ಕು ಸಾಕುವಂತಿಲ್ಲ ಎಂಬ ನಿಯಮ ಆಮೇಲೆ ಬಂತು. “ನನ್ನ ಪುಟಾಣಿ ಹೊಸ್ತಿಲಾ ದಾಟೂದಿಲ್ಲ” ಎಂದು ಅವಳು ಸಾಹೇಬರ ಮುಂದೆ ಆಣೆ ಮಾಡಿದ್ದಕ್ಕೆ ಉಳಿಸಿಕೊಟ್ಟಿದ್ದರು.

ಹೊನ್ನಿಗಳು ಸತ್ತಾಗ ಊಟದ ಮನೆಯಲ್ಲಿ ಸಭೆ ಸೇರಿತು. ಕಾರಣ ಹೇಳಬೇಕಾದವನು ಮಲ್ಹಾರಿ. ಅವನಿಗೆ ಕಾರಣ ಗೊತ್ತಿರಲಿಲ್ಲ. ಸಭೆಯ ಮುಂದೆ ಗೊತ್ತಿಲ್ಲ ಅನ್ನುವ ದನಿ ಅವನ ಸಂಗ್ರಹದಲ್ಲಿರಲಿಲ್ಲ. ಬೆಕ್ಕು ಎಂದ. ಎಂದವನು ಅಷ್ಟಕ್ಕೆ ಬಿಡದೆ ಮೇಜಿನ ಮೇಲೆ ನಾಲ್ಕು ಕಾಲಲ್ಲಿ ನಡೆದು, ಮೀಸೆ ಒರೆಸಿ, ಹೊನ್ನಿಯನ್ನು ಮುಗಿಸಿ, ಏನೂ ಅರಿಯದ ಮುಖ ಮಾಡಿ ತೋರಿಸಿದ. ಆಮೇಲೆ ನೀಲಕ್ಕನಾದ. ಸೆರಗು ಸಿಕ್ಕಿಸಿದಂತೆ ಮಾಡಿ, ಮೂಗಿನಲ್ಲೆಳೆದು, “ಪುಟಾಣೀ… ಬಾರವ್ವಾ ನನ್ನ ಬಂಗಾರಾ… ಹಾಲು ಕುಡೀ ಬಾ…” ಎಂದು ಕರೆದ. ಅದೇ ಕ್ಷಣಕ್ಕೆ ಅಡುಗೆಮನೆಯ ಬಾಗಿಲ ಸಂದಿಯಿಂದ ಪುಟಾಣಿ ಬಾಲ ಎತ್ತಿಕೊಂಡು ಸಭೆಯೊಳಗೆ ನಡೆದು ಬಂತು. “ಆರೋಪಿ ಹಾಜರ್!” ಎಂದು ಮಲ್ಹಾರಿ ಕೋಳಿವಾಡ ಸಾಹೇಬರ ದನಿಯಲ್ಲಿ ಕೂಗಿದ. ಜನ ಬೆಂಚು ಬಡಿದು ನಕ್ಕಿದ್ದರು. ಹೊಸ್ತಿಲು ದಾಟದ ಬೆಕ್ಕು ಎಲ್ಲರ ಕಣ್ಣೆದುರು ಹೊಸ್ತಿಲು ದಾಟಿತ್ತಲ್ಲ! ಇನ್ನೇನು ಸಾಕ್ಷಿ ಬೇಕು?

ಪುಟಾಣಿ ಮುಂದಿನ ಲಾರಿಯಲ್ಲಿ ಪಟ್ಟಣಕ್ಕೆ ಹೋಯಿತು. ವಯಸ್ಸಾದ ಬೆಕ್ಕನ್ನು ಯಾರೂ ಕರೆದೊಯ್ಯಲಿಲ್ಲವಂತೆ, ಸೂಜಿ ಚುಚ್ಚಿ ಮುಗಿಸಿದರಂತೆ. ಸ್ವಾತಿ ಮುಗಿಯುವ ಹೊತ್ತಿಗೆ ಹೊನ್ನಿಗಳು ಸಾಯುವುದೂ ನಿಂತಿತು. ಎಲ್ಲರೂ ಮಲ್ಹಾರಿಯ ಬೆನ್ನು ಚಪ್ಪರಿಸಿದರು. ಅವನು ನೀಲಕ್ಕನ ಮನೆಗೂ ಒಂದು ಮಳೆಡಬ್ಬಿ ಹಾಕಿಕೊಟ್ಟ, ಎಲ್ಲರದಕ್ಕಿಂತ ದೊಡ್ಡದು. ಅವಳು ಬೇಡವೆನ್ನಲಿಲ್ಲ. ಬೆಕ್ಕಿಲ್ಲದ ಮನೆಯಲ್ಲಿ ಸಪ್ಪಳ ಬೇಕಿತ್ತೇನೋ.

ಈಗ ಬೆಕ್ಕಿಲ್ಲ, ಹೊನ್ನಿ ಸತ್ತಿತ್ತು.

ಅವನ ಕೈಕೆಳಗೆ ಕೆಲಸಕ್ಕೆ ಆ ವರ್ಷವಷ್ಟೇ ಸೇರಿದ್ದ ಕೌಸರ್ ವಿಜಯಪುರದವಳು, ಸದ್ದಿನ ಎಂಜಿನಿಯರು. ನಗುವಾಗಲೂ ತೆರೆಯ ಮೇಲಿನ ಕಣ್ಣು ಕೀಳದವಳು. ಮಲ್ಹಾರಿ ಟೊಪ್ಪಿಗೆ ಹಿಡಿದು ಕಂಟ್ರೋಲ್ ರೂಮಿಗೆ ಹೋದಾಗ ಅವಳು ಕೇಳಿದಳು:

“ಸರ್, ಮನಿಗಳ ಸುತ್ತ ಮುತ್ತಲಿಂದು ಒಂದೂ ಗೆರಿ ಇಲ್ಲಲ್ರಿ, ಯಾಕ?”

“ಅಲ್ಲಿ ಗದ್ದಲ ಭಾಳ. ಕುಣಿಯೋ ಹುಡುಗೂರು, ಕುಟ್ಟೋ ಒರಳು. ಯಂತ್ರಕ್ಕ ಅದನ್ನೆಲ್ಲಾ ಜರಡಿ ಹಿಡದು ಒಗಿ ಅಂತ ನಾನ ಹೇಳೀನಿ.”

“ಜರಡಿ ತೆಗೀಲೇನ್ರಿ?”

ತೆಗೆದಳು. ಹಿಂದಿನ ಸಂಜೆಗಳ ಗೆರೆಗಳು ತೆರೆಯ ಮೇಲೆ ಬಂದವು. ಮೊದಲು ಎಲ್ಲ ಗೆರೆಗಳೂ ಆಳದಲ್ಲಿ ಸೋಮಾರಿಯಾಗಿ ತೆವಳುತ್ತಿದ್ದವು. ಒಂದು ಕ್ಷಣಕ್ಕೆ ಮೇಲೆ ಕಪ್ಪು ಮಸಿ ಚೆಲ್ಲಿದಂತೆ ನಡುಕ ಹರಡಿತು. ಕೆಳಗಿನ ಗೆರೆಗಳು ನಿಂತವು. ಆಮೇಲೆ ಒಂದೊಂದೇ ತಲೆಯೆತ್ತಿ ಏರತೊಡಗಿದವು, ಎಲ್ಲವೂ ಮನೆಗಳ ಕಡೆಗೆ.

“ಆ ಕರೇದು ಏನ್ರಿ ಸರ್?” ಎಂದಳು ಕೌಸರ್. ಆಮೇಲೆ ತಾನೇ ಬಾಯಿಗೆ ಕೈ ಹಿಡಿದಳು.

ಮಿರಗ ಅದು. ಅವನ ಬಾಯಿಂದ ಹುಟ್ಟಿದ ಮಿರಗ.

ಆದರೂ ಪರೀಕ್ಷೆ ಮಾಡಬೇಕಲ್ಲ. ಮನೆಯಿಲ್ಲದ ಒಂದು ದಿಬ್ಬದ ಮೇಲೆ ಸೂರ್ಯ ಇಳಿಯುವ ಹೊತ್ತಿಗೆ ತಗಡು ಹೂತು ಡಬ್ಬಿ ಹಚ್ಚಿದರು. ಗಾಳಿ ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು. ತುಸು ಹೊತ್ತಿಗೆ ಮರಳು ಒಂದು ಕಡೆ ಉಬ್ಬಿ ಒಡೆಯಿತು. ಗುರಾಣಿಯ ಮೂಗು, ಸಲಿಕೆ ಕೈ, ಬಂಗಾರದ ಬೆನ್ನು. ಹೊನ್ನಿ ಹೊರಗೆ ಬಂದು ಮೂಗನ್ನು ಮರಳಿಗೊತ್ತಿತು. ಒಣಗಿತ್ತು. ಸ್ವಲ್ಪ ತೆವಳಿ ಮತ್ತೊಂದು ಕಡೆ ಒತ್ತಿತು. ಅಲ್ಲೂ ಒಣಗಿತ್ತು. ಹಿಂದೆ ಮರಳಲ್ಲಿ ಕಾಲು, ಬಾಲದ ಮೂರು ಗೆರೆಗಳನ್ನು ಬಿಡುತ್ತ ಆ ಕುರುಡು ಜೀವ ತಗಡಿನ ಸುತ್ತ ಒದ್ದೆ ಹುಡುಕಿಕೊಂಡು ತಿರುಗಿತು. ಮಳೆ ಕೇಳಿಸುತ್ತಿತ್ತಲ್ಲ. ಕೇಳಿಸುವ ಮಳೆ ಎಲ್ಲೋ ಇರಲೇಬೇಕಲ್ಲ.

“ಬಂದ್ ಮಾಡ್ರಿ ಸರ್!”

ಮಲ್ಹಾರಿ ಡಬ್ಬಿ ನಿಲ್ಲಿಸಿ ಅದನ್ನು ಅಂಗೈಗೆ ತೆಗೆದುಕೊಂಡ. ಮರಳು ಬೆಚ್ಚಗಿದ್ದರೆ ಬೆಚ್ಚಗೆ, ತಣ್ಣಗಿದ್ದರೆ ತಣ್ಣಗೆ ಇರುವ ಮೈ ಅದು. ತನ್ನದೆಂಬ ಕಾವು ಕಡಿಮೆ. ಗಡಗಡ ನಡುಗುತ್ತಿತ್ತು. ನಡುಗುತ್ತಲೇ ಅವನ ಬೆರಳ ಸಂದಿಯನ್ನು ಅಗೆಯಲು ನೋಡಿತು. ಎರಡು ಸಲ ಅಗೆಯಿತು. ಮೂರನೆಯ ಸಲ ಉಗುರು ಮೇಲೆತ್ತಿತು, ಇಳಿಸಲಿಲ್ಲ. ಅವನು ಬಾಯಿಂದ ಬಿಸಿಯುಸಿರು ಊದಿದ. ಯಾರ ದನಿಯನ್ನಾದರೂ ತೆಗೆಯುವ ಆ ಬಾಯಿ ಎಷ್ಟು ಊದಿದರೂ ಕಾವು ಬರಲಿಲ್ಲ.

“ಸರ್” ಎಂದಳು ಕೌಸರ್. “ಅಂದ್ರ ಆ ಬೆಕ್ಕು…”

“ಗೊತ್ತಾತು.”

ಮನೆಗೆ ಬಂದರೆ ಇಂದುಮತಿ ಭಜ್ಜಿಗೆ ಹಿಟ್ಟು ಕಲೆಸುತ್ತಿದ್ದಳು. ಡಬ್ಬಿಯ ಗುಂಡಿಗೆ ಕೈ ಹಾಕಿದವಳನ್ನು ತಡೆದ. ಎಲ್ಲವನ್ನೂ ಹೇಳಿದ. ಹೇಳಿ ಒಂದು ಉಪಾಯವನ್ನೂ ಹೇಳಿದ: ಯಾರಿಗೂ ತಿಳಿಯದಂತೆ, ಡಬ್ಬಿಗೆ ಹೊಸ ಸುಧಾರಣೆ ಬಂದಿದೆ ಅಂತ ಎಲ್ಲರ ಮನೆಯಿಂದ ಬಿಚ್ಚಿಕೊಳ್ಳುವುದು. ಮರಳಿಗೆ ತಾಗದಂಥ ಡಬ್ಬಿ ಮಾಡಿ ಕೊಡುವುದು. ಹೊನ್ನಿಗಳೂ ಉಳಿದವು, ಮಳೆಯೂ ಉಳಿಯಿತು.

ಇಂದುಮತಿ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ನಿಂತಳು. “ಪುಟಾಣಿಗೂ ಸುಧಾರಣಾ ಬಂದದೇನ್ರಿ?”

“ಬೆಕ್ಕು ಹೆಂಗೂ ಹೋಗೇದ, ಇಂದೂ. ಈಗ ಹೇಳಿದ್ರ ತಿರುಗಿ ಬರತದ?”

“ಇಲ್ಲ. ನೀವು ಹೇಳೂ ಮಟಾ ಆಕೀ ಮುಂದ ರೊಟ್ಟಿಗೆ ತಾಟ ಹಿಡಕೊಂಡು ನಾ ನಿಂದ್ರೂದಿಲ್ಲ. ನೀವು ನಿಂದ್ರತೀರೇನು, ನಿಂದ್ರರಿ.”

ಮಾರನೆಯ ಬೆಳಿಗ್ಗೆ ಮಲ್ಹಾರಿ ಊಟದ ಮನೆಯ ಅಡುಗೆಕೋಣೆಗೆ ಹೋದ. ನೀಲಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು, ಅಭ್ಯಾಸಬಲದಿಂದ, ಕೋಳಿವಾಡ ಸಾಹೇಬರ ಕೆಮ್ಮು ಕೆಮ್ಮಿ, “ಏನಮ್ಮಾ ನೀಲಮ್ಮಾ, ಪಲ್ಯ ಏನು?” ಎಂದ.

ಅವಳು ತಿರುಗಿ ನೋಡಲಿಲ್ಲ. “ಸಾಹೇಬರು ನನ್ನ ನೀಲಮ್ಮಾ ಅನ್ನೂದಿಲ್ಲ. ಏನ್ ಬೇಕಾಗಿತ್ತು ತಮ್ಮಾ?”

ದನಿ ಸೋತಿತು. ಉಳಿದದ್ದನ್ನು ಅವನು ಹೇಗೋ ತೊದಲಿ ಮುಗಿಸಿದ: ಮಿರಗ, ಚಳಿ, ಒದ್ದೆ ಹುಡುಕುವ ಹೊನ್ನಿ, ಪಂಚಾಂಗ ಅಲ್ಲಿಯದು ನೆಲ ಇಲ್ಲಿಯದು. ಪುಟಾಣಿ ಏನೂ ಮಾಡಿರಲಿಲ್ಲ. ಅವಳ ಮನೆಗೆ ಹಾಕಿಕೊಟ್ಟ ದೊಡ್ಡ ಡಬ್ಬಿಯೇ ಈ ಮಿರಗದಲ್ಲಿ ಬಹುಶಃ ಎಲ್ಲಕ್ಕಿಂತ ಹೆಚ್ಚು ಹೊನ್ನಿಗಳನ್ನು ಕರೆದಿತ್ತು.

ರೊಟ್ಟಿ ಹಂಚಿನ ಮೇಲೆ ಕಪ್ಪಾಗುತ್ತಿತ್ತು. ನೀಲಕ್ಕ ಅದನ್ನು ತೆಗೆದು ಪಕ್ಕಕ್ಕಿಟ್ಟಳು.

“ಅವತ್ತ ನಾ ಇಲ್ಲೇ ಇದ್ದೆ, ನಿಮ್ಮ ಸಭಾಕ್ಕ ಚಾ ಕುದಸಕೋಂತ. ಪುಟಾಣಿ ಆ ಮೂಲ್ಯಾಗ ಮಲಗಿತ್ತು. ಆ ಕಡಿಂದ ನಾ ಕರದೆ.”

“ನೀವು…?”

“ನನ್ನ ದನೀನ ಬಂತಲ್ಲೋ ಗ್ವಾಡಿ ಆಚಿಂದ. ನನಗ ಮೈ ಜುಮ್ಮಂತು, ನಾ ಇಲ್ಲೇ ಅದೀನಿ, ಅಲ್ಲಿ ಯಾರು ಕರಿಯಾಕತ್ಯಾರ ಅಂತ. ಪುಟಾಣಿ ಎದ್ದು ನನ್ನ ಮಾರಿ ನೋಡ್ತು. ಬಾಗಲಾ ನೋಡ್ತು. ಹೋಗಬ್ಯಾಡ ಅಂದೆ. ಅದು ಹೋತು. ಹಾಲು ಕುಡೀ ಬಾ ಅಂದಿದ್ದಿ ನೋಡು ನೀನು.” ಅವಳು ಹಿಟ್ಟಿಗೆ ಕೈ ಹಾಕಿದಳು, ತೆಗೆದಳು. “ಅದೂ ಹೊನ್ನೀ ಹಂಗ ತಮ್ಮಾ. ಕರದಲ್ಲಿ ಹೋತು.”

ಮಲ್ಹಾರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೊನ್ನಿಗೆ ಬಿಡುತ್ತದೆ, ಮುಚ್ಚಿಕೊಳ್ಳುತ್ತದೆ. ಅವನಿಗೆ ಬಿಡಲಿಲ್ಲ.

“ನೀಲಕ್ಕಾ, ತಪ್ಪಾತು.”

“ಇಲ್ಲಿ ಬ್ಯಾಡ. ಅದು ಎಲ್ಲಿ ಆತೋ ಅಲ್ಲಿ ಹೇಳು.”

ಅಂದೇ ಸಂಜೆ, ದೀಪ ಹಚ್ಚುವ ಮೊದಲೇ, ಊಟದ ಮನೆಯಲ್ಲಿ ಸಭೆ ಕರೆಸಿದ. ಮಲ್ಹಾರಿ ಕರೆಸಿದ ಸಭೆ ಎಂದರೆ ಜನ ಮಕ್ಕಳನ್ನೂ ಎತ್ತಿಕೊಂಡು ಬರುತ್ತಾರೆ. ಮುಂದಿನ ಬೆಂಚಿನಲ್ಲಿ ಅಮರಗುಂಡ ಈಗಾಗಲೇ ಹಲ್ಲು ಬಿಟ್ಟು ಕೂತಿದ್ದ. ಕೌಸರ್ ಗೋಡೆಗೊರಗಿದ್ದಳು, ಇಂದುಮತಿ ಅವಳ ಪಕ್ಕ. ನೀಲಕ್ಕ ಅಡುಗೆಕೋಣೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು.

ಮಲ್ಹಾರಿ ಮೇಜಿನ ಹಿಂದೆ ನಿಂತ. ಬಾಯಿ ತೆರೆದ. ಬಂದ ದನಿ ಅವನಿಗೇ ಪರಕೀಯವಾಗಿತ್ತು: ತೆಳ್ಳಗೆ, ತುಸು ಮೂಗಿನದು, ವಾಕ್ಯದ ತುದಿಯಲ್ಲಿ ಮುರಿಯುವಂಥದು.

“ಹೊನ್ನಿಗಳನ್ನ ಕೊಂದಾಂವ ನಾನು…”

ಜನ ಹೋ ಎಂದು ನಕ್ಕರು.

“ಯಾರಿದು, ಯಾರಿದು?” ಎಂದು ಹಿಂದಿನಿಂದ ಯಾರೋ ಕೇಳಿದರು. “ನಮ್ಮ ಸ್ಟೋರ್ ಕೀಪರ ಇದ್ಧಂಗ ಅದಲ್ಲಾ!” “ಏ ಅಲ್ಲೋ, ಕೋರ್ಟಿನ್ಯಾಗ ನಿಂತ ಕಳ್ಳ!”

“ನಗಬ್ಯಾಡ್ರಿ. ಬೆಕ್ಕು ಏನೂ ಮಾಡಿರಲಿಲ್ಲ. ನನಗ ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ಲಿಕ್ಕೆ ನಾಚಿಕಿ ಬಂದು…”

ದನಿ ಮುರಿಯಿತು. ಅದು ಮುರಿದ ಚೆಂದಕ್ಕೆ ಚಪ್ಪಾಳೆ ಬಿತ್ತು. ಕೋಳಿವಾಡ ಸಾಹೇಬರು ಕಣ್ಣೊರೆಸಿಕೊಳ್ಳುತ್ತ, “ಭೇಷ್! ಅಳೂದೂ ಕಲತಾನ!” ಎಂದರು. ಒಂದು ಮಗು ಅವನಂತೆಯೇ ತುಟಿ ನಡುಗಿಸಿ ತೋರಿಸಿತು. ಮಲ್ಹಾರಿ ಇನ್ನಷ್ಟು ಹೇಳಿದ, ಅವರು ಇನ್ನಷ್ಟು ನಕ್ಕರು. ಕೈ ಜೋಡಿಸಿದ, ಸಿಳ್ಳೆ ಹೊಡೆದರು. ಮಿರಗ ಕೇಳಿ ಮೇಲೆ ಬಂದು ಸತ್ತವು ಎಂದಾಗ ಅಮರಗುಂಡ ಬೆಂಚಿನಿಂದ ಜಾರಿ ಬಿದ್ದ. ತನ್ನ ದನಿಯನ್ನು ಅವರ ಮುಂದೆ ಒಂದು ದಿನವೂ ಆಡಿರದವನು ಈಗ ಅದನ್ನು ತನ್ನದೆಂದು ರುಜುವಾತು ಮಾಡುವುದು ಹೇಗೆ?

“ನಗೂದು ಬಿಡ್ರಿ.”

ನೀಲಕ್ಕನ ದನಿ ದೊಡ್ಡದಾಗಿರಲಿಲ್ಲ.

“ಇದು ಯಾರ ದನೀನೂ ಅಲ್ಲ. ಇದು ಅವಂದ.”

ನಗು ಒಂದೇ ಸಲಕ್ಕೆ ನಿಲ್ಲಲಿಲ್ಲ. ಮುಂದಿನ ಬೆಂಚಿನಲ್ಲಿ ನಿಂತಿತು, ಆಮೇಲೆ ನಡುವೆ. ಮೂಲೆಯಲ್ಲಿ ಒಬ್ಬನ ನಗು ಒಂಟಿಯಾಗಿ ಉಳಿದು, ಸುತ್ತ ನೋಡಿ, ಸತ್ತುಹೋಯಿತು. ಅಮರಗುಂಡ ನೆಲದಿಂದ ಎದ್ದು ಕೂತ. ಸಾಹೇಬರು ನಿಜವಾಗಿಯೇ ಕೆಮ್ಮಿದರು. ಅಂದು ಬೆಂಚು ಬಡಿದ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಯಾರಿಗೂ ತಿಳಿಯಲಿಲ್ಲ. ಮಲ್ಹಾರಿ ಮೊದಲಿನಿಂದ ಮತ್ತೆ ಹೇಳಿದ. ಈ ಸಲ ಎಲ್ಲರೂ ಕೇಳಿದರು. ಅವರು ಕೇಳುವುದನ್ನು ತಾಳುವುದು ಅವರು ನಗುವುದನ್ನು ತಾಳುವುದಕ್ಕಿಂತ ಕಠಿಣವಾಗಿತ್ತು.

“ಹಂಗಾದ್ರ ಮಳಿ?” ಎಂದು ಒಬ್ಬ ಹೆಂಗಸು ಕೊನೆಗೆ ಕೇಳಿದಳು.

“ಇವತ್ತಿಂದ ಇಲ್ರಿ, ಅಕ್ಕಾ.”

ಅವಳು ಅವನನ್ನು ನೋಡಿದ ನೋಟ ಬೈಗುಳಕ್ಕಿಂತ ಬಿಸಿಯಾಗಿತ್ತು.

ಅಂದೇ ಮನೆಮನೆಗೆ ಹೋಗಿ ಡಬ್ಬಿಗಳನ್ನು ಬಿಚ್ಚಿದ. ಕೆಲವರು ಬಾಗಿಲು ತೆರೆದು ಮುಖ ತಿರುಗಿಸಿ ನಿಂತರು. ಕೆಲವರು ತಾವೇ ಬಿಚ್ಚಿ ಹೊಸ್ತಿಲಾಚೆ ಇಟ್ಟಿದ್ದರು. ಅಮರಗುಂಡ ಮಾತ್ರ, “ನಾನೂ ನಕ್ಕಿದ್ದೆ ಸರ್, ಎರಡೂ ಸಲ” ಎಂದು ಡಬ್ಬಿ ಕೈಗಿತ್ತ.

ಕೊನೆಯದು ನೀಲಕ್ಕನ ಮನೆ. ಅವಳು ಸ್ಟೂಲು ತಂದಿಟ್ಟಳು. ಅವನು ಹತ್ತಿ ತಿರುಪು ಸಡಿಲಿಸುವಾಗ ಸ್ಟೂಲಿನ ಕಾಲು ಅಲ್ಲಾಡದಂತೆ ಹಿಡಿದುಕೊಂಡಳು. ಡಬ್ಬಿ ಬಿಟ್ಟುಕೊಂಡಾಗ ತಿರುಪಿನ ತೂತಿನಿಂದ ಕೆಂಪು ಮರಳು ಸಣ್ಣ ಧಾರೆಯಾಗಿ ಅವನ ತಲೆಯ ಮೇಲೆ, ನೆಲದ ಮೇಲೆ ಸುರಿಯಿತು. ತೂತಿಗೆ ಮೇಣ ಮೆತ್ತಿ ಕೆಳಗಿಳಿದ.

“ನೀಲಕ್ಕಾ, ನೀವೊಬ್ಬರು ನನ್ನ ದನಿ ಗುರ್ತು ಹಿಡದ್ರಿ…”

“ಗುರ್ತು ಹಿಡದೆ. ಅಷ್ಟ. ಕ್ಷಮಾ ಮಾಡೀನಿ ಅಂತ ತಿಳಕೋಬ್ಯಾಡ.”

ಹೋಗಬೇಕೆಂದು ಅವನಿಗೆ ಹೊಳೆಯಲಿಲ್ಲ. ತಲೆಯಲ್ಲಿ ಮರಳು, ಕೈಯಲ್ಲಿ ಡಬ್ಬಿ, ನಡುಮನೆಯಲ್ಲಿ ಗೂಟದ ಹಾಗೆ ನಿಂತಿದ್ದ. ನೀಲಕ್ಕ ಕಸಬರಿಗೆ ತಂದು ನೆಲದ ಮರಳನ್ನು ಗುಡಿಸತೊಡಗಿದಳು. ಗೋಡೆಯಿಂದ ಗುಡಿಸುತ್ತ ಬಂದು ಅವನ ಹತ್ತಿರ ನಿಂತಳು.

“ಕಾಲು ತೆಗಿ” ಎಂದಳು.